ಪಟದಲ್ಲಿ ಉಡುಗೆಯಿದೆ, ಹೆಸರೆಲ್ಲಿ?



ಉಡುಗೆ, ಛಾಯಾಚಿತ್ರ, ವಿನ್ಯಾಸ ಈ ಮೂರನ್ನೂ ಒಂದೇ ಕೃತಿಯಲ್ಲಿ ಬೆಸೆಯುವ ಕಲಾವಿದರು ಇಂದು ನಮ್ಮ ನಡುವೆ ಅನೇಕರಿದ್ದಾರೆ. ಇದು ಮಹಾನಗರಗಳ ಹೊಸ ಗೀಳೆಂದು ನಾವು ಭಾವಿಸಬೇಕಾಗಿಲ್ಲ. ಇದರ ಹಿಂದಿನ ಇತಿಹಾಸ ನಮ್ಮ ಸೀಮೆಗೂ ಸೇರಿದ್ದು.

ರಾಯಚೂರು, ಮಾನ್ವಿ, ದೇವದುರ್ಗಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರು ಲಾಲಾ ದೀನದಯಾಳ್. 1892ರಲ್ಲಿ ಅವರು ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗಾಗಿಯೇ ಜನಾನಾ ಸ್ಟುಡಿಯೊ ತೆರೆದು, ಅದರ ಹೊಣೆಯನ್ನು ಕೆನ್ನಿ-ಲೆವಿಕ್ ಎಂಬ ಮಹಿಳೆಗೆ ವಹಿಸಿದರು. ಉಳ್ಳವರ ಮನೆಯ ಹೆಂಗಸರು ಅಲ್ಲಿ ಇಷ್ಟಪಟ್ಟು ಪಟ ತೆಗೆಸಿಕೊಂಡರು. ಬಡವರ ಪಾಡು ಬೇರೆ. 1868ರಿಂದ 1875ರವರೆಗೆ ಬ್ರಿಟಿಷ್ ಸರಕಾರ ಎಂಟು ಸಂಪುಟಗಳಲ್ಲಿ ಹೊರತಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಬಹುಪಾಲು ಜನರಿಗೆ ಹೆಸರಿಲ್ಲ, ಜಾತಿ, ಬುಡಕಟ್ಟಿನ ಗುರುತಷ್ಟೇ ಇದೆ. ಒಬ್ಬರು ತೆಗೆಸಿಕೊಂಡರು, ಇನ್ನೊಬ್ಬರನ್ನು ತೆಗೆದರು. ಈ ಭೇದವೇ ಮುಖ್ಯವಾದುದು.

ಮುಂದೆ ನಮ್ಮ ಊರುಗಳಿಗೂ ಸ್ಟುಡಿಯೊಗಳು ಬಂದವು. ಬಣ್ಣದ ಪರದೆ, ಒಂದು ಬಾಚಣಿಕೆ, ಎಲ್ಲರಿಗೂ ಒಂದೇ ಕರಿಯ ಕೋಟು. ನಿಮ್ಮಲ್ಲಿ ಅನೇಕರ ಪರೀಕ್ಷೆಯ ಭಾವಚಿತ್ರಗಳು ಅಂಥ ಕಡೆಯೇ ತೆಗೆದವು. ಕೋಟು ಎರವಲಾದರೂ ಅದರಲ್ಲಿ ನೀವು ಕಾಣಬಯಸಿದ ನಾಳೆಯಿತ್ತು.

ಅದೇ ಪರದೆ, ಅದೇ ವೇಷಗಳನ್ನು ಕಲೆಯಾಗಿಸಿದವರು ಎನ್. ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿ ಬರೋಡದಲ್ಲಿ ಶಿಲ್ಪಕಲೆ ಕಲಿತ ಇವರು, ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಚಿತ್ರಮಾಲಿಕೆ ರಚಿಸಿದರು. ರವಿವರ್ಮನ ಲಕ್ಷ್ಮಿಯಾಗಿ ತಾವೇ ಸಿಂಗರಿಸಿಕೊಂಡು ನಿಂತರು. ತೋಡ ಸ್ತ್ರೀಯ ವೇಷ ತೊಟ್ಟು, ಹಿಂದಿನ ಅಧಿಕಾರಿಗಳು ಮನುಷ್ಯರನ್ನು ಅಳೆಯಲು ಬಳಸುತ್ತಿದ್ದಂಥ ಚೌಕುಳಿ ಪರದೆಯ ಮುಂದೆಯೂ ನಿಂತರು. ಹೆಣ್ಣನ್ನು ಮಾದರಿಯಾಗಿಸಿದ ಕಣ್ಣು ಯಾರದು ಎಂಬುದು ಆ ಚಿತ್ರಗಳ ಪ್ರಶ್ನೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ದೇವದುರ್ಗದಲ್ಲಿ ಪಾಠ ಹೇಳುತ್ತಿದ್ದಾಗ ತಾಂಡಾದ ವಿದ್ಯಾರ್ಥಿನಿಯೊಬ್ಬಳು ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ತೋರಿಸಿದಳು. ಕನ್ನಡಿ ಚೂರು, ಕವಡೆಗಳ ಉಡುಪಿನಲ್ಲಿ ನಗುತ್ತಿದ್ದ ಹೆಂಗಸು. ಕೆಳಗೆ ‘ಲಂಬಾಣಿ ಮಹಿಳೆ’ ಎಂದಷ್ಟೇ ಇತ್ತು.

“ಸರ್, ಇಕಿ ನಮ್ಮವ್ವರಿ. ಹೆಸರ ಹಾಕಿಲ್ರಿ” ಎಂದಳು.

ಆ ಉಡುಪಿನ ಒಂದೊಂದು ಹೊಲಿಗೆಯೂ ಆ ತಾಯಿಯ ಕೈಯದು. ವಿನ್ಯಾಸಕಿ ಆಕೆಯೇ, ರೂಪದರ್ಶಿಯೂ ಆಕೆಯೇ. ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಕಾಲ ತುಸು ಬದಲಾಗಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ರಚಿಸಿದ 1,755 ಕಸೂತಿ ಕೃತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹೊಲಿದ ಕೈಗಳೂ ಲೆಕ್ಕಕ್ಕೆ ಬಂದದ್ದು ಒಳ್ಳೆಯ ಆರಂಭ.

ಇಂದು ನಿಮ್ಮೆಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ನಿಮ್ಮಲ್ಲಿ ಕೆಲವರು ವಿನ್ಯಾಸದ ಉದ್ಯೋಗದಲ್ಲೂ ಇದ್ದೀರಿ. ಯಾರ ಪಟವನ್ನೇ ತೆಗೆಯಿರಿ, ಮೊದಲು ಅವರನ್ನು ಕೇಳಿ. ಬಳಿಕ ಅವರ ಹೆಸರು, ಊರು, ಇಸವಿ ಬರೆದಿಡಿ. ಬಟ್ಟೆ ನೇಯ್ದವರು, ಹೊಲಿದವರು ಗೊತ್ತಿದ್ದರೆ ಅವರ ಹೆಸರನ್ನೂ ಸೇರಿಸಿ. ಮುಂದೆ ಇತಿಹಾಸ ಬರೆಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.