ಕಠಿಣರು ಯಾರು? ಸಂತ ಏಡನರ ಸುವಾರ್ತಾಸೇವೆಯಲ್ಲಿ ಕರುಣೆ, ತಾಳ್ಮೆ ಮತ್ತು ವಿವೇಚನೆ

ಕ್ರಿ.ಶ. 635ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಅಯೋನಾ ದ್ವೀಪದ ಮಠದಲ್ಲಿ ಹಿರಿಯರ ಸಭೆಯೊಂದು ಸೇರಿತ್ತು. ಇಂಗ್ಲೆಂಡಿನ ಉತ್ತರ ಭಾಗದ ನಾರ್ಥಂಬ್ರಿಯ ರಾಜ್ಯಕ್ಕೆ ಶುಭಸಂದೇಶವನ್ನು ಸಾರಲೆಂದು ಕಳುಹಿಸಿದ್ದ ಧರ್ಮಾಧ್ಯಕ್ಷರು ಕೆಲಸ ಕೈಗೂಡದೆ ಹಿಂದಿರುಗಿದ್ದರು. ಆ ಜನ ಪಳಗದವರು, ಒರಟರು, ಕಠಿಣ ಮನಸ್ಸಿನವರು. ಅವರಿಗೆ ಏನನ್ನಾದರೂ ಕಲಿಸುವುದು ಆಗದ ಮಾತು ಎಂಬುದು ಅವರು ಒಪ್ಪಿಸಿದ ವರದಿಯ ಸಾರ. ಸಭೆ ದೀರ್ಘಕಾಲ ಚರ್ಚಿಸಿತು. ಆ ಜನರಿಗೆ ರಕ್ಷಣೆಯ ಮಾರ್ಗವನ್ನು ತೋರಿಸಬೇಕೆಂಬ ಹಂಬಲವೂ, ಕಳುಹಿಸಿದವರನ್ನು ಅವರು ಸ್ವೀಕರಿಸಲಿಲ್ಲವೆಂಬ ದುಃಖವೂ ಅಲ್ಲಿ ಕೂಡಿದ್ದವು.

ಆಗ ಏಡನ್ ಎಂಬ ಸನ್ಯಾಸಿ ಮಾತನಾಡಿದರು. ಕಲಿಯದ ಆ ಕೇಳುಗರೊಡನೆ ಬೋಧಕರು ಉಚಿತಕ್ಕಿಂತ ಹೆಚ್ಚು ಕಟುವಾಗಿ ನಡೆದುಕೊಂಡಿರಬಹುದು. ಪ್ರೇಷಿತರು ತೋರಿಸಿಕೊಟ್ಟ ಕ್ರಮದಲ್ಲಿ ಮೊದಲು ಹಾಲಿನಂಥ ಮೃದು ಬೋಧನೆಯನ್ನು ಕೊಟ್ಟು, ಅವರು ದೇವರ ವಾಕ್ಯದಿಂದ ಪುಷ್ಟಿಗೊಳ್ಳುವವರೆಗೆ ಕಾಯಬೇಕಾಗಿತ್ತು ಎಂಬುದು ಅವರ ಅಭಿಪ್ರಾಯವಾಗಿತ್ತು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ (3:2) ನೆನಪು ಅಲ್ಲಿದ್ದವರಿಗೆ ಆಗಿರಲೇಬೇಕು. ಎಲ್ಲರ ದೃಷ್ಟಿಯೂ ಏಡನರತ್ತ ತಿರುಗಿತು. ಅವರನ್ನೇ ಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿ ಕಳುಹಿಸಲಾಯಿತು.

ಜಾರೋ ಮಠದ ಪೂಜ್ಯ ಬೀಡರು 731ರಲ್ಲಿ ಮುಗಿಸಿದ ಆಂಗ್ಲ ಜನಾಂಗದ ಧರ್ಮಸಭೆಯ ಇತಿಹಾಸದಲ್ಲಿ ಈ ಪ್ರಸಂಗವಿದೆ. ಹಿಂದಿರುಗಿ ಬಂದ ಧರ್ಮಾಧ್ಯಕ್ಷರ ಹೆಸರನ್ನು ಬೀಡರು ಹೇಳುವುದಿಲ್ಲ. ಇಡೀ ಪ್ರಸಂಗವನ್ನು ಜನರು ಹೇಳಿಕೊಂಡು ಬಂದ ಮಾತೆಂದೇ ದಾಖಲಿಸುತ್ತಾರೆ. ಆದರೆ ಆ ವರದಿ ನಮಗೆ ಅಪರಿಚಿತವೇನಲ್ಲ. ‘ಈ ಊರಿನ ಜನ ಕಲ್ಲುಮನಸ್ಸಿನವರು’ ಎಂಬ ಮಾತನ್ನು ಧರ್ಮಕೇಂದ್ರಗಳಿಂದ ಬಂದವರ ಬಾಯಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಕಾಠಿಣ್ಯವು ಕೇಳುವವನಲ್ಲಿದೆಯೋ ಸಾರುವವನಲ್ಲಿದೆಯೋ ಎಂಬ ಪ್ರಶ್ನೆಯನ್ನು ಏಡನರು ಸಭೆಯ ಮುಂದಿಟ್ಟರು. ಆ ಪ್ರಶ್ನೆಯನ್ನು ಹಿಡಿದು ಬೀಡರ ಗ್ರಂಥವನ್ನು ಓದಿದರೆ ಅದರಿಂದ ಏನು ದೊರೆಯುತ್ತದೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಗ್ರೆಗರಿಯವರ ಎರಡು ಪತ್ರಗಳು

ಆಂಗ್ಲರ ನಡುವಿನ ಸುವಾರ್ತಾಕಾರ್ಯವು ಅಯೋನಾದಿಂದ ಮೊದಲಾದುದಲ್ಲ. 596ರಲ್ಲಿ ಜಗದ್ಗುರು ಮಹಾ ಗ್ರೆಗರಿಯವರು ರೋಮಿನ ತಮ್ಮ ಮಠದ ಅಗಸ್ಟೀನರನ್ನು, ಅಂದರೆ ಮುಂದೆ ಕ್ಯಾಂಟರ್ಬರಿಯ ಅಗಸ್ಟೀನರೆಂದು ಹೆಸರಾದವರನ್ನು, ಸಂಗಡಿಗರೊಡನೆ ಕಳುಹಿಸಿದರು. ದಾರಿಯಲ್ಲೇ ಅವರೆಲ್ಲ ಭಯಗೊಂಡರು. ಭಾಷೆ ಬಾರದ ಉಗ್ರ ಜನರ ಬಳಿ ಹೋಗುವ ಬದಲು ಹಿಂದಿರುಗಲು ಅನುಮತಿ ಬೇಡಿದರು. ಗ್ರೆಗರಿಯವರು ಧೈರ್ಯ ಹೇಳಿ ಮುಂದಕ್ಕೆ ಕಳುಹಿಸಿದರು. 597ರಲ್ಲಿ ಅವರು ಕೆಂಟ್ ರಾಜ್ಯದ ಥ್ಯಾನೆಟ್ ದ್ವೀಪದಲ್ಲಿ ಇಳಿದರು. ಅರಸ ಎಥೆಲ್‌ಬರ್ಟನ ರಾಣಿ ಬರ್ತಾ ಕ್ರೈಸ್ತಳಾಗಿದ್ದಳು. ಅವರ ಮಾತು ಚೆನ್ನಾಗಿದ್ದರೂ ಹೊಸತು, ತಲೆತಲಾಂತರದಿಂದ ಬಂದುದನ್ನು ಒಮ್ಮೆಗೇ ಬಿಡಲಾರೆ ಎಂದು ಅರಸನು ತಿಳಿಸಿದನು. ಆದರೂ ದೂರದಿಂದ ಬಂದವರಿಗೆ ಆತಿಥ್ಯವನ್ನೂ ಬೋಧಿಸುವ ಸ್ವಾತಂತ್ರ್ಯವನ್ನೂ ಕೊಟ್ಟನು. ಮುಂದೆ ತಾನು ವಿಶ್ವಾಸಿಯಾದಾಗಲೂ ಯಾರನ್ನೂ ಬಲವಂತಪಡಿಸಲಿಲ್ಲ. ಕ್ರಿಸ್ತನ ಸೇವೆ ಸ್ವಇಚ್ಛೆಯದಾಗಿರಬೇಕೆಂಬುದನ್ನು ತನ್ನ ಗುರುಗಳಿಂದಲೇ ಅವನು ಕಲಿತಿದ್ದನೆಂದು ಬೀಡರು ಸ್ಪಷ್ಟವಾಗಿ ಹೇಳುತ್ತಾರೆ.

601ರ ಎರಡು ಪತ್ರಗಳು ಇಲ್ಲಿ ಮುಖ್ಯವಾದವು. ಜೂನ್ 22ರಂದು ಎಥೆಲ್‌ಬರ್ಟನಿಗೆ ಬರೆದ ಪತ್ರದಲ್ಲಿ ಗ್ರೆಗರಿಯವರು ವಿಗ್ರಹಾರಾಧನೆಯನ್ನು ಅಡಗಿಸಿ ಅದರ ಗುಡಿಗಳನ್ನು ಕೆಡವುವಂತೆ ಪ್ರೇರೇಪಿಸಿದರು. ಪತ್ರವನ್ನು ಹೊತ್ತ ತಂಡ ಹೊರಟಾಗಿತ್ತು. ಒಂದು ತಿಂಗಳು ತುಂಬುವ ಮೊದಲೇ, ದಾರಿಯಲ್ಲಿದ್ದ ಮೆಲ್ಲಿಟಸ್ ಎಂಬ ಮಠಾಧಿಪತಿಗೆ ಇನ್ನೊಂದು ಪತ್ರ ಹೋಯಿತು. ವಿದ್ವಾಂಸರು ಅದರ ದಿನವನ್ನು ಜುಲೈ 18 ಎಂದು ಗುರುತಿಸಿದ್ದಾರೆ. ಆಂಗ್ಲರ ವಿಷಯವಾಗಿ ಬಹುಕಾಲ ಚಿಂತಿಸಿ ಕಂಡುಕೊಂಡ ನಿರ್ಧಾರವೆಂದು ಅದರಲ್ಲಿ ಅವರು ತಿಳಿಸುತ್ತಾರೆ: ಗುಡಿಗಳನ್ನು ಕೆಡವಬೇಡಿರಿ, ವಿಗ್ರಹಗಳನ್ನಷ್ಟೇ ತೆಗೆದು, ಗಟ್ಟಿಮುಟ್ಟಾದ ಕಟ್ಟಡಗಳನ್ನು ತೀರ್ಥ ಪ್ರೋಕ್ಷಿಸಿ ದೇವರ ಆರಾಧನೆಗೆ ಬಳಸಿರಿ. ಎತ್ತುಗಳನ್ನು ಬಲಿಕೊಡುತ್ತಿದ್ದ ಜನ ರಕ್ತಸಾಕ್ಷಿಗಳ ಹಬ್ಬದಂದು ದೇವಾಲಯದ ಸುತ್ತ ಚಪ್ಪರ ಹಾಕಿಕೊಂಡು, ದೇವರಿಗೆ ವಂದನೆ ಸಲ್ಲಿಸಿ ಊಟಮಾಡಲಿ. ಒರಟಾದ ಮನಸ್ಸುಗಳಿಂದ ಎಲ್ಲವನ್ನೂ ಒಂದೇ ಏಟಿಗೆ ಕತ್ತರಿಸಿ ತೆಗೆಯಲಾಗದು. ಶಿಖರವನ್ನು ಸೇರಬೇಕಾದವನು ಹೆಜ್ಜೆಹೆಜ್ಜೆಯಾಗಿ ಏರುತ್ತಾನೆಯೇ ಹೊರತು ಹಾರಿ ಅಲ್ಲ ಎಂಬ ತಿಳುವಳಿಕೆ ಆ ಪತ್ರದ ತಿರುಳು.

ಅನ್ಯರ ಪೂಜಾಸ್ಥಳವನ್ನು ತಮ್ಮದಾಗಿಸಿಕೊಳ್ಳುವ ಸಲಹೆ ಇಂದಿನ ಧರ್ಮಸಭೆಯ ದಾರಿಯಲ್ಲ. ಆ ವಿಧಾನಕ್ಕಿಂತ, ಅದರ ಹಿಂದಿನ ವಿವೇಚನೆಯ ಕ್ರಮವು ನಮಗೆ ಪಾಠವಾಗಬೇಕು. ಜಗದ್ಗುರುಗಳು ತಮ್ಮದೇ ಆಜ್ಞೆಯನ್ನು ಪ್ರಾರ್ಥನೆ ಮತ್ತು ಚಿಂತನೆಯ ಬೆಳಕಿನಲ್ಲಿ ಪುನಃ ತೂಗಿ, ಕೇಳುವವರ ಶಕ್ತಿಯನ್ನು ಅಳೆದು, ದೂತರ ಬೆನ್ನಹಿಂದೆಯೇ ತಿದ್ದುಪಡಿ ಕಳುಹಿಸಿದರು. ‘ಪಾಲನಾ ನಿಯಮ’ವೆಂದು ಪ್ರಸಿದ್ಧವಾದ ಅವರ ಗ್ರಂಥದ ಮೂರನೆಯ ಭಾಗ ಸಂಪೂರ್ಣವಾಗಿ ಇದೇ ವಿಷಯಕ್ಕೆ ಮೀಸಲಾಗಿದೆ: ಬಡವನಿಗೂ ಸಿರಿವಂತನಿಗೂ, ದುಃಖಿಗೂ ಸಂತುಷ್ಟನಿಗೂ ಒಂದೇ ಬಗೆಯ ಬುದ್ಧಿಮಾತು ಸಲ್ಲದು.

ಏಳದ ಆಸನ

ಗ್ರೆಗರಿಯವರ ವಿವೇಚನೆ ಅವರು ಕಳುಹಿಸಿದ ಅಗಸ್ಟೀನರಿಗೆ ಎಲ್ಲ ಸಂದರ್ಭದಲ್ಲೂ ಒದಗಲಿಲ್ಲ. 603ರ ಸುಮಾರಿಗೆ ಅವರು ಬ್ರಿಟನ್ನರ ಧರ್ಮಾಧ್ಯಕ್ಷರನ್ನು ಮಾತುಕತೆಗೆ ಕರೆದರು. ಈ ಬ್ರಿಟನ್ನರು ಆಂಗ್ಲರು ಬರುವ ಮೊದಲೇ ಕ್ರೈಸ್ತರಾಗಿದ್ದವರು. ಆಂಗ್ಲರ ಕೈಯಲ್ಲಿ ನೆಲ ಕಳೆದುಕೊಂಡವರು. ಪಾಸ್ಖ ಹಬ್ಬದ ದಿನಗಣನೆ ಮುಂತಾದವುಗಳಲ್ಲಿ ಅವರ ರೂಢಿ ಬೇರೆಯಾಗಿತ್ತು. ಎರಡನೆಯ ಸಭೆಗೆ ಹೊರಡುವ ಮುನ್ನ ಅವರು ಏಕಾಂತವಾಸಿಯೊಬ್ಬರ ಸಲಹೆ ಕೇಳಿದರು. ಅಗಸ್ಟೀನರು ದೇವರ ಮನುಷ್ಯರಾಗಿದ್ದರೆ ಅನುಸರಿಸಿರಿ ಎಂದರು ಆತ. ಅದನ್ನು ತಿಳಿಯುವ ಬಗೆ? ಕ್ರಿಸ್ತನಂತೆ ವಿನಯಶೀಲರಾಗಿದ್ದರೆ ಅದೇ ಗುರುತು. ನೀವು ಹತ್ತಿರ ಬಂದಾಗ ಅವರು ಎದ್ದು ನಿಂತರೆ ಅವರ ಮಾತನ್ನು ಆಲಿಸಿರಿ.

ಅಗಸ್ಟೀನರು ಏಳಲಿಲ್ಲ, ಕುಳಿತೇ ಇದ್ದರು. ಅವರು ಮುಂದಿಟ್ಟ ಬೇಡಿಕೆಗಳು ಅತಿಯಾದವೇನಲ್ಲ: ಪಾಸ್ಖದ ದಿನ, ಜ್ಞಾನಸ್ನಾನದ ವಿಧಿ, ಆಂಗ್ಲರಿಗೆ ಒಟ್ಟಾಗಿ ಬೋಧಿಸುವುದು. ಆದರೆ ಆಸನದಿಂದ ಏಳದವರ ಬಾಯಿಂದ ಬಂದ ಯಾವುದೂ ಒಪ್ಪಿಗೆಯಾಗಲಿಲ್ಲ. ಸಹೋದರರೊಡನೆ ಶಾಂತಿ ಬೇಡವೆಂದರೆ ಶತ್ರುಗಳಿಂದ ಯುದ್ಧ ಬರುವುದೆಂದು ಅಗಸ್ಟೀನರು ಎಚ್ಚರಿಸಿದರು. ವರ್ಷಗಳ ಅನಂತರ, ಅಗಸ್ಟೀನರೂ ತೀರಿಕೊಂಡ ಮೇಲೆ, ಚೆಸ್ಟರಿನ ಯುದ್ಧದಲ್ಲಿ ಪ್ರಾರ್ಥಿಸಲು ಬಂದಿದ್ದ ಬ್ಯಾಂಗರ್ ಮಠದ ಸುಮಾರು 1200 ಮಂದಿ ಹತರಾದರು. ಬೀಡರು ಇದನ್ನು ಅಗಸ್ಟೀನರ ಪ್ರವಾದನೆಯ ನೆರವೇರಿಕೆಯೆಂದು ಓದುತ್ತಾರೆ. ನಿರಾಯುಧ ಸನ್ಯಾಸಿಗಳ ಹತ್ಯೆಯನ್ನು ದೈವೀ ತೀರ್ಪೆಂದು ಒಪ್ಪುವುದು ನಮ್ಮಿಂದಾಗದು. ಆದರೂ ಬೀಡರ ಪ್ರಾಮಾಣಿಕತೆಗೆ ನಾವು ಋಣಿಗಳು; ಎದ್ದು ನಿಲ್ಲದ ಆ ಚಿಕ್ಕ ಸಂಗತಿಯನ್ನು, ಅದು ತಮ್ಮ ಪಕ್ಷಕ್ಕೆ ಶೋಭೆ ತಾರದಿದ್ದರೂ, ಅವರು ಮುಚ್ಚಿಡಲಿಲ್ಲ. ಸತ್ಯವಾದ ಬೋಧನೆಯೂ ಕುಳಿತ ಭಂಗಿಯಿಂದಾಗಿ ಸೋಲಬಹುದೆಂಬುದಕ್ಕೆ ಧರ್ಮಸಭೆಯ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಕಾಲ್ನಡಿಗೆಯ ಧರ್ಮಾಧ್ಯಕ್ಷ

ನಾರ್ಥಂಬ್ರಿಯದವರ ‘ಕಾಠಿಣ್ಯ’ಕ್ಕೂ ಒಂದು ಹಿನ್ನೆಲೆಯಿತ್ತು. 627ರಲ್ಲಿ ಅರಸ ಎಡ್ವಿನನು ಯಾರ್ಕ್ ನಗರದಲ್ಲಿ ಪೌಲಿನಸ್ ಎಂಬ ಧರ್ಮಾಧ್ಯಕ್ಷರಿಂದ ಜ್ಞಾನಸ್ನಾನ ಪಡೆದಿದ್ದನು. ಪೌಲಿನಸರು ಒಮ್ಮೆ ರಾಜನಿವಾಸವೊಂದರ ಬಳಿ 36 ದಿನ ಬೆಳಗಿನಿಂದ ಸಂಜೆಯವರೆಗೆ ಜನರಿಗೆ ಬೋಧಿಸಿ ಹೊಳೆಯಲ್ಲಿ ಜ್ಞಾನಸ್ನಾನ ಕೊಟ್ಟರೆಂದು ಬೀಡರು ಬರೆಯುತ್ತಾರೆ. 633ರಲ್ಲಿ ಎಡ್ವಿನನು ಯುದ್ಧದಲ್ಲಿ ಮಡಿದನು. ರಾಣಿಯನ್ನು ಕರೆದುಕೊಂಡು ಪೌಲಿನಸರು ಕೆಂಟಿಗೆ ಮರಳಿದರು. ಮುಂದಿನ ಇಬ್ಬರು ಅರಸರು ವಿಶ್ವಾಸವನ್ನು ತ್ಯಜಿಸಿದರು. ಯಾಕೋಬನೆಂಬ ಉಪಯಾಜಕ ಮಾತ್ರ ಅಲ್ಲೇ ಉಳಿದು, ಬೋಧಿಸುತ್ತಾ ಜ್ಞಾನಸ್ನಾನ ಕೊಡುತ್ತಾ ಮುದುಕನಾದನು. ಅರಸನೊಡನೆ ಬಂದ ವಿಶ್ವಾಸವು ಅರಸನೊಡನೆ ಹೋದುದನ್ನು ಕಂಡ ಜನ ಹೊಸ ಬೋಧಕನನ್ನು ಅನುಮಾನದಿಂದ ನೋಡಿದ್ದರೆ ಅದರಲ್ಲಿ ಆಶ್ಚರ್ಯವೇನು?

ಏಡನರನ್ನು ಕರೆಸಿಕೊಂಡ ಅರಸ ಓಸ್ವಾಲ್ಡನು ದೇಶಭ್ರಷ್ಟನಾಗಿದ್ದಾಗ ಐರಿಷ್ ಕ್ರೈಸ್ತರ ನಡುವೆ ಬೆಳೆದವನು. ಏಡನರಿಗೆ ಆಂಗ್ಲ ಭಾಷೆ ಸರಿಯಾಗಿ ಬಾರದು. ಅವರು ಬೋಧಿಸುವಾಗ ಅರಸನೇ ನಿಂತು ತನ್ನ ಸರದಾರರಿಗೆ ಅನುವಾದಿಸುತ್ತಿದ್ದನು. ಭರತದ ವೇಳೆ ಸುತ್ತಲೂ ನೀರು ಆವರಿಸುವ ಲಿಂಡಿಸ್ಫಾರ್ನ್ ದ್ವೀಪವನ್ನು ಏಡನರು ತಮ್ಮ ಪೀಠಕ್ಕಾಗಿ ಆರಿಸಿಕೊಂಡರು. ತೀರಾ ಅನಿವಾರ್ಯವಾದ ಹೊರತು ಕುದುರೆಯೇರದೆ ನಡೆದೇ ಸಂಚರಿಸಿದರು. ಕುದುರೆಯ ಮೇಲಿನವನು ಜನರನ್ನು ದಾಟಿ ಹೋಗುತ್ತಾನೆ. ನಡೆಯುವವನಿಗೆ ಎದುರಾದವರು ಜೊತೆಗಾರರಾಗುತ್ತಾರೆ. ದಾರಿಯಲ್ಲಿ ಸಿಕ್ಕವರು ಬಡವರಿರಲಿ, ಸಿರಿವಂತರಿರಲಿ, ಏಡನರು ಅವರ ಬಳಿಗೆ ಹೋಗುತ್ತಿದ್ದರು. ವಿಶ್ವಾಸಿಗಳಲ್ಲದವರನ್ನು ವಿಶ್ವಾಸಕ್ಕೆ ಆಹ್ವಾನಿಸುತ್ತಿದ್ದರು. ವಿಶ್ವಾಸಿಗಳನ್ನು ದಾನಧರ್ಮದಲ್ಲಿ ದೃಢಪಡಿಸುತ್ತಿದ್ದರು. ಆಹ್ವಾನವನ್ನು ಅವರು ಎಂದೂ ಕೈಬಿಡಲಿಲ್ಲವೆಂಬುದನ್ನು ಗಮನಿಸಬೇಕು. ತಾಳ್ಮೆಯೆಂದರೆ ಮೌನವೆಂದು ಅವರು ಭಾವಿಸಿರಲಿಲ್ಲ.

ಸಿರಿವಂತರು ಕೊಟ್ಟ ಹಣವನ್ನು ಏಡನರು ಬಡವರಿಗೆ ಹಂಚಿದರು, ಇಲ್ಲವೇ ಅನ್ಯಾಯವಾಗಿ ಮಾರಾಟಗೊಂಡ ಗುಲಾಮರ ಬಿಡುಗಡೆಗೆ ತೆತ್ತರು. ಬಿಡುಗಡೆಯಾದವರಲ್ಲಿ ಹಲವರು ಅವರ ಶಿಷ್ಯರಾದರು. ಕೆಲವರು ಯಾಜಕರೂ ಆದರು. ಪ್ರಬಲರಿಗೆ ಅವರು ಹಣ ಕೊಡುತ್ತಿರಲಿಲ್ಲ. ಬಂದರೆ ಊಟ ಹಾಕುತ್ತಿದ್ದರಷ್ಟೇ. ಅವರ ತಪ್ಪುಗಳನ್ನು ಭಯದಿಂದಾಗಲಿ ಮುಖದಾಕ್ಷಿಣ್ಯದಿಂದಾಗಲಿ ಮುಚ್ಚುತ್ತಿರಲಿಲ್ಲ. ಕಲಿಯದವರಿಗೆ ಹಾಲು, ಪ್ರಬಲರಿಗೆ ನೇರ ನುಡಿ: ವಿವೇಚನೆಯೆಂದರೆ ಎಲ್ಲರೊಡನೆ ಒಂದೇ ಸಮನಾದ ಮೃದುತ್ವವಲ್ಲವೆಂಬುದು ಇಲ್ಲಿ ತಿಳಿಯುತ್ತದೆ.

ಅರಸ ಓಸ್ವಿನನು ಏಡನರಿಗೆ ಒಮ್ಮೆ ಉತ್ತಮ ಕುದುರೆಯೊಂದನ್ನು ಕೊಟ್ಟನು. ಸ್ವಲ್ಪ ಕಾಲದಲ್ಲೇ ಎದುರಾದ ಭಿಕ್ಷುಕನಿಗೆ ಅವರು ಅದನ್ನು ರಾಜಯೋಗ್ಯವಾದ ಜೀನು ಸಮೇತ ಕೊಟ್ಟುಬಿಟ್ಟರು. ಅರಸನು ಆಕ್ಷೇಪಿಸಿದಾಗ, ಕುದುರೆಯ ಮರಿ ದೇವರ ಆ ಮಗುವಿಗಿಂತ ಹೆಚ್ಚಿನದೇ ಎಂದು ಕೇಳಿದರು. ಬೇಟೆಯಿಂದ ಬಂದು ಬೆಂಕಿ ಕಾಯಿಸುತ್ತಿದ್ದ ಅರಸನು ಯೋಚಿಸಿ, ಕತ್ತಿಯನ್ನು ಬಿಚ್ಚಿಟ್ಟು ಅವರ ಪಾದಕ್ಕೆರಗಿದನು. ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಸೆಳೆಯುವುದು ಬೀಡರು ಹೇಳದೆ ಬಿಟ್ಟ ಸಂಗತಿ. ಆ ಭಿಕ್ಷುಕ ವಿಶ್ವಾಸಿಯಾಗಿದ್ದನೇ? ಆಮೇಲೆ ಆದನೇ? ಬೀಡರು ತಿಳಿಸುವುದಿಲ್ಲ, ಏಡನರು ಕೇಳಿದಂತೆಯೂ ಕಾಣುವುದಿಲ್ಲ. ಕುದುರೆ ಅವನಿಗೆ ಸಂದದ್ದು ಅವನು ಮುಂದೆ ಏನಾಗಬಹುದೆಂಬ ಕಾರಣಕ್ಕಲ್ಲ, ಆಗಲೇ ಏನಾಗಿದ್ದನೆಂಬ ಕಾರಣಕ್ಕೆ. ಸೇವೆಯನ್ನೇ ಆಮಿಷವೆಂದು ಶಂಕಿಸುವ ಇಂದಿನ ನಮ್ಮ ನಾಡಿನಲ್ಲಿ ಈ ಭೇದವನ್ನು ಮೊದಲು ನಮ್ಮ ಅಂತಃಸಾಕ್ಷಿಯಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕಾಗಿದೆ. ಫಲಕ್ಕಾಗಿ ಲೆಕ್ಕವಿಟ್ಟು ತೋರುವ ಕರುಣೆ ಕರುಣೆಯಾಗಿ ಉಳಿಯುವುದಿಲ್ಲ. ಅದು ಶುಭಸಂದೇಶಕ್ಕೆ ಸಾಕ್ಷಿಯೂ ಆಗದು.

ವಿವೇಚನೆಯೆಂಬ ತಾಯಿ

651ರ ಆಗಸ್ಟ್ 20ರಂದು ಓಸ್ವಿನನು ಕೊಲೆಯಾದನು. ಅದೇ ತಿಂಗಳ 31ರಂದು, ಬ್ಯಾಂಬರೊ ಬಳಿಯ ರಾಜಗ್ರಾಮವೊಂದರ ದೇವಾಲಯದ ಹೊರಗೋಡೆಗೆ ತಾಗಿಸಿ ಕಟ್ಟಿದ ಡೇರೆಯಲ್ಲಿ, ಅಲ್ಲಿನ ಆಸರೆಗಂಬಕ್ಕೆ ಒರಗಿಕೊಂಡು ಏಡನರು ಪ್ರಾಣಬಿಟ್ಟರು. ಅವರ ದಾರಿಯನ್ನು ಸಂತ ಕತ್ಬರ್ಟರು ಮುಂದುವರಿಸಿದರು. ಪಿಡುಗಿನ ಕಾಲದಲ್ಲಿ ಜ್ಞಾನಸ್ನಾನ ಪಡೆದವರೇ ತಾಯತ ಮಂತ್ರಗಳಿಗೆ ಮರಳಿದಾಗ, ಇತರ ಬೋಧಕರು ಹೋಗಲು ಹಿಂಜರಿಯುತ್ತಿದ್ದ ಗುಡ್ಡಗಾಡಿನ ಬಡ ಹಳ್ಳಿಗಳಲ್ಲಿ ಅವರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳು ಪೂರ್ತಿ, ತಂಗಿ ಬೋಧಿಸಿದರು. ಭಯದಲ್ಲಿ ಜಾರಿದವರನ್ನು ಕಠಿಣ ಹೃದಯದವರೆಂದು ಕರೆಯದೆ ಅವರ ಬಳಿಗೇ ಹೋಗುವ ತಾಳ್ಮೆಯಿದು.

ಬೀಡರೂ ಇದೇ ಗುಣಕ್ಕೆ ಒಂದು ಉದಾಹರಣೆ. ಏಡನರು ಪಾಸ್ಖ ಹಬ್ಬವನ್ನು ಆಚರಿಸಿದ ರೀತಿ ಅವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಅದನ್ನು ಕಟುವಾಗಿಯೇ ಹೇಳುತ್ತಾರೆ. ಆದರೂ ಏಡನರು ಆ ಹಬ್ಬದಲ್ಲಿ ಆರಾಧಿಸಿದ್ದು ನಮ್ಮ ರಕ್ಷಣೆಗಾಗಿ ಪಾಡುಪಟ್ಟು ಪುನರುತ್ಥಾನರಾದ ಅದೇ ಕ್ರಿಸ್ತನನ್ನೆಂದು ಒಪ್ಪಿ, ಅವರ ಶಾಂತಿ, ಪ್ರೀತಿ, ನಮ್ರತೆಗಳನ್ನು ಮನಸಾರೆ ಕೊಂಡಾಡುತ್ತಾರೆ. ಭಿನ್ನಾಭಿಪ್ರಾಯವನ್ನು ಮರೆಮಾಡದೆಯೂ ಪ್ರೀತಿಸಬಹುದೆಂಬುದಕ್ಕೆ ಆ ಪುಟಗಳು ಸಾಕ್ಷಿ.

ಅಯೋನಾದ ಸಭೆ ಏಡನರಲ್ಲಿ ಗುರುತಿಸಿದ್ದು ವಿವೇಚನೆಯ ವರವನ್ನು. ಅದನ್ನು ಬೀಡರು ಸದ್ಗುಣಗಳ ತಾಯಿಯೆಂದು ಕರೆಯುತ್ತಾರೆ. ಸಂತ ಬೆನೆಡಿಕ್ಟರ ನಿಯಮದ 64ನೆಯ ಅಧ್ಯಾಯದಲ್ಲೂ, ಮಠಾಧಿಪತಿಗೆ ಇರಬೇಕಾದ ಗುಣಗಳ ನಡುವೆ, ಇದೇ ಮಾತು ಬರುತ್ತದೆ. ಹೆತ್ತ ತಾಯಿಗೆ ಮಗುವಿನ ಹಸಿವೂ ತಿಳಿದಿದೆ, ಅದರ ಹೊಟ್ಟೆಯ ಶಕ್ತಿಯೂ ತಿಳಿದಿದೆ. ಕರುಣೆಯಿಲ್ಲದಿದ್ದರೆ ಹಸಿವು ಕಾಣದು. ತಾಳ್ಮೆಯಿಲ್ಲದಿದ್ದರೆ ಶಕ್ತಿ ಬೆಳೆಯುವವರೆಗೆ ಕಾಯಲಾಗದು. ಸತ್ಯವು ತನ್ನ ಸ್ವಂತ ಬಲದಿಂದಲ್ಲದೆ ಬೇರಾವ ಒತ್ತಾಯದಿಂದಲೂ ಮನುಷ್ಯನ ಮೇಲೆ ಹೇರಲ್ಪಡಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯದ ಕುರಿತಾದ ತನ್ನ 1965ರ ಘೋಷಣೆಯಲ್ಲಿ ಬೋಧಿಸಿತು. ಏಡನರ ನಡಿಗೆಯಲ್ಲಿ ಆ ಬೋಧನೆ 13 ಶತಮಾನಗಳ ಹಿಂದೆಯೇ ಹೆಜ್ಜೆಯಿಟ್ಟಿತ್ತು.

ಗುರುಮಠದಿಂದ ಹೊರಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ತಮ್ಮ ಹಿರಿಯರ ಮುಂದೆ ವರದಿಯೊಂದನ್ನು ಒಪ್ಪಿಸಬೇಕಾಗುತ್ತದೆ. ಜನರ ಕಾಠಿಣ್ಯವನ್ನು ಅದರಲ್ಲಿ ಬರೆಯುವ ಮೊದಲು, ನಾವು ಅವರೊಡನೆ ಎಷ್ಟು ದೂರ ನಡೆದೆವು, ಅವರು ಬಂದಾಗ ಎದ್ದು ನಿಂತೆವೇ, ಅವರು ಜೀರ್ಣಿಸಿಕೊಳ್ಳಬಲ್ಲುದನ್ನು ಉಣಿಸಿದೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.