ವಾಯು ಕೆಡೆಟ್ ತರಬೇತಿ: ಘಾಟಬೋರಾಳ ಸೀಮೆಯ ಇತಿಹಾಸ

ಶಾಲಾ ಕಾಲೇಜು ವಿದ್ಯಾರ್ಥಿಗಳಿಗೆ ಕವಾಯತು, ವಿಮಾನವಿದ್ಯೆ ಮತ್ತು ವಾಯುಪಡೆಯ ಶಿಸ್ತನ್ನು ಪರಿಚಯಿಸುವ ವ್ಯವಸ್ಥೆಗೆ ವಾಯು ಕೆಡೆಟ್ ತರಬೇತಿ ಎನ್ನುತ್ತಾರೆ. ಭಾರತದಲ್ಲಿ ಅದನ್ನು ನಡೆಸುವುದು ರಾಷ್ಟ್ರೀಯ ಕೆಡೆಟ್ ದಳದ, ಅಂದರೆ ಎನ್‌ಸಿಸಿಯ, ಏರ್ ವಿಂಗ್. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯ ಘಾಟಬೋರಾಳದಂಥ ಊರುಗಳಲ್ಲಿ ಈ ತರಬೇತಿಯ ಕಥೆ ಎರಡು ಎಳೆಗಳಲ್ಲಿ ಸಾಗುತ್ತದೆ. ಬೀದರಿನ ವಿಮಾನ ನೆಲೆ ಒಂದು ಎಳೆ, ಎನ್‌ಸಿಸಿ ಇನ್ನೊಂದು. ಎರಡೂ ವಾಯುಪಡೆಯೊಂದಿಗೆ ನಂಟಿರುವವೇ ಆದರೂ ಹುಟ್ಟು, ಆಡಳಿತ, ಉದ್ದೇಶಗಳಲ್ಲಿ ಬೇರೆ ಬೇರೆ. ಇವನ್ನು ಒಂದೇ ಎಂದು ಬರೆಯುವುದರಿಂದ ಈ ಭಾಗದ ವಿವರಣೆಗಳಲ್ಲಿ ಗೊಂದಲ ಬೆಳೆದಿದೆ. ಬೀದರಿನಲ್ಲಿ ತರಬೇತಿ ವಿಮಾನಗಳು ಹಾರುತ್ತವೆ, ಆದ್ದರಿಂದ ಅಲ್ಲಿಗೇ ಹೋಗಿ ಕೆಡೆಟ್ ಆಗಬಹುದು ಎಂದು ನಂಬಿದ ಹುಡುಗ ಹುಡುಗಿಯರಿಗೆ ಸರಿಯಾದ ದಾರಿ ತಡವಾಗಿ ತಿಳಿಯುತ್ತದೆ.

ಎನ್‌ಸಿಸಿಯ ಹುಟ್ಟಿಗೇ ಮೂರು ದಿನಾಂಕಗಳು ಚಲಾವಣೆಯಲ್ಲಿವೆ. ಬ್ರಿಟಿಷರ ಕಾಲದ ಯೂನಿವರ್ಸಿಟಿ ಕೋರ್ (1917), ಅದರ ಜಾಗಕ್ಕೆ ಬಂದ ಯೂನಿವರ್ಸಿಟಿ ಟ್ರೈನಿಂಗ್ ಕೋರ್ (1920) ಹಿಂದಿನ ಮೆಟ್ಟಿಲುಗಳು. 1946ರಲ್ಲಿ ಪಂಡಿತ್ ಹೃದಯನಾಥ ಕುಂಜ್ರು ಅಧ್ಯಕ್ಷತೆಯ ಸಮಿತಿ ನೇಮಕವಾಗಿ, ಮರುವರ್ಷ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ರೂಪುಗೊಂಡ ಎನ್‌ಸಿಸಿ ಕಾಯಿದೆಗೆ 1948ರ ಏಪ್ರಿಲ್ 16ರಂದು ಅಂಕಿತ ಬಿತ್ತು. ದಳ ಕಾರ್ಯಾರಂಭ ಮಾಡಿದ್ದು ಅದೇ ವರ್ಷ ಜುಲೈ 15ರಂದು. ದೆಹಲಿಯಲ್ಲಿ ಮೊದಲ ಘಟಕ ಎದ್ದದ್ದು ನವೆಂಬರಿನಲ್ಲಿ, ಅದರ ನೆನಪಿಗೆ ನವೆಂಬರ್ ತಿಂಗಳ ನಾಲ್ಕನೆಯ ಭಾನುವಾರ ಎನ್‌ಸಿಸಿ ದಿನ. ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಈ ಮೂರರಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ತಪ್ಪೆಂದು ಬರೆಯುವುದುಂಟು. ಕಾಯಿದೆ, ಚಾಲನೆ, ಮೊದಲ ಘಟಕ ಎಂದು ಬಿಡಿಸಿ ಹೇಳಿದರೆ ಮೂರೂ ಸರಿ.

ಆದರೆ ಘಾಟಬೋರಾಳಕ್ಕೆ ಈ ಮೂರರಲ್ಲಿ ಮೊದಲ ಎರಡು ದಿನಾಂಕಗಳು ಅನ್ವಯಿಸುವುದೇ ಇಲ್ಲ. 1948ರ ಏಪ್ರಿಲ್‌ನಲ್ಲೂ ಜುಲೈಯಲ್ಲೂ ಬೀದರ್ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದ ಕೈಯಲ್ಲಿತ್ತು, ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿರಲಿಲ್ಲ. ಕರ್ನಾಟಕದ ಎನ್‌ಸಿಸಿ ಇತಿಹಾಸವನ್ನು ಮೈಸೂರು ಸಂಸ್ಥಾನದಿಂದ ಆರಂಭಿಸಿ ನೇರವಾಗಿ ಇಂದಿಗೆ ತರುವ ಬರಹಗಳು ಈ ಸಂಗತಿಯನ್ನು ಹಾರಿಸಿಬಿಡುತ್ತವೆ. ಹಾಗೆ ಹಾರಿಸಿದಾಗ ಕಲ್ಯಾಣ ಕರ್ನಾಟಕದ 1948ರಿಂದ 1956ರವರೆಗಿನ ಎಂಟು ವರ್ಷಗಳು ಎಲ್ಲಿಯೂ ಸಲ್ಲದೆ ಉಳಿಯುತ್ತವೆ.

ಬೀದರಿನ ವೈಮಾನಿಕ ಚರಿತ್ರೆಯನ್ನು ವಾಯುಪಡೆಯ ತರಬೇತಿ ಶಾಲೆಯಿಂದಲೇ ಶುರುಮಾಡುವ ರೂಢಿಯೂ ಇದೆ. ಅದು ಸರಿಯಲ್ಲ. 1948ರಲ್ಲಿ ಆಸ್ಟ್ರೇಲಿಯಾ ಮೂಲದ ವಿಮಾನ ಚಾಲಕ ಸಿಡ್ನಿ ಕಾಟನ್ ನಿಜಾಮರ ಸರ್ಕಾರಕ್ಕಾಗಿ ಕರಾಚಿಯಿಂದ ಲಂಕಾಸ್ಟ್ರಿಯನ್ ವಿಮಾನಗಳಲ್ಲಿ ಕದ್ದು ಆಯುಧ ಸಾಗಿಸಿದ ಪ್ರಕರಣದಲ್ಲಿ ವಿಮಾನಗಳು ಇಳಿದ ತಾಣಗಳಲ್ಲಿ ಬೀದರ್ ಕೂಡ ಒಂದು. ಅಂದರೆ ನಾಲ್ಕು ಎಂಜಿನಿನ ವಿಮಾನ ಇಳಿಯಬಲ್ಲ ರನ್‌ವೇ ಅಲ್ಲಿ ಆಗಲೇ ಇತ್ತು.

ಆ ವರ್ಷದ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗ ದಾಟಿ ಒಳಬಂತು. ಮರುದಿನ ಉಮರ್ಗಾದಿಂದ ಪೂರ್ವಕ್ಕೆ ರಾಜೇಶ್ವರದ ಕಡೆ ಹೊರಟ ತುಕಡಿಗೆ ದಾರಿಯುದ್ದಕ್ಕೂ ಹೊಂಚು ಕೂತ ಠಾಣೆಗಳಿರುವುದು ವೈಮಾನಿಕ ವೀಕ್ಷಣೆಯಿಂದ ತಿಳಿಯಿತು. ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳನ್ನು ಕರೆಸಿ ದಾಳಿ ಮಾಡಿಸಿದ ಮೇಲೆ ಹಾದಿ ತೆರವಾಗಿ, ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ವಶವಾಯಿತು. ರಾಜೇಶ್ವರ ಇಂದು ಬಸವಕಲ್ಯಾಣ ತಾಲ್ಲೂಕಿನಲ್ಲಿದೆ, ಅಲ್ಲಿಂದ ಹುಮನಾಬಾದಿಗೆ ಹೋಗುವುದು ಈಗಿನ ರಾಷ್ಟ್ರೀಯ ಹೆದ್ದಾರಿ 65. ಸೆಪ್ಟೆಂಬರ್ 17ರ ನಸುಕಿನಲ್ಲಿ ಸೇನೆ ಬೀದರ್ ಪ್ರವೇಶಿಸಿತು, ಅಂದೇ ನಿಜಾಮರು ಶರಣಾದರು. ದೇಶದ ಬೇರೆಡೆ ಎನ್‌ಸಿಸಿ ಎರಡು ತಿಂಗಳ ಕೂಸಾಗಿದ್ದಾಗ ಈ ಸೀಮೆಯ ಜನ ವಾಯುಪಡೆಯನ್ನು ಕಂಡದ್ದು ಯುದ್ಧದ ರೂಪದಲ್ಲಿ. ಕೆಡೆಟ್ ತರಬೇತಿಯ ಇತಿಹಾಸ ಬರೆಯುವವರು ಈ ಘಟನೆಯನ್ನು ಬೇರೆ ವಿಷಯವೆಂದು ಬಿಡುತ್ತಾರೆ. ಇಲ್ಲಿ ಅದನ್ನು ಸೇರಿಸಲೇಬೇಕು. ಇದರ ನಂತರವಷ್ಟೇ ಎನ್‌ಸಿಸಿ ಈ ಜಿಲ್ಲೆಗೆ ಬರುವುದು ಸಾಧ್ಯವಾಯಿತು.

ಎನ್‌ಸಿಸಿಯ ಬಾಲಕಿಯರ ವಿಭಾಗ 1949ರ ಜುಲೈಯಲ್ಲಿ, ಏರ್ ವಿಂಗ್ 1950ರ ಏಪ್ರಿಲ್ 1ರಂದು ಆರಂಭವಾದವು. ಏರ್ ವಿಂಗ್‌ಗೆ ಮೊದಲಿಗೆ ಇದ್ದದ್ದು ಮುಂಬಯಿ ಮತ್ತು ಕಲ್ಕತ್ತೆಯಲ್ಲಿ ಒಂದೊಂದು ಸ್ಕ್ವಾಡ್ರನ್ ಮಾತ್ರ. ಏರ್ ವಿಂಗ್‌ಗೆ ಹಾರಾಟದ ಬಯಲು, ವಿಮಾನ, ಬೋಧಕ ಮೂರೂ ಬೇಕು. ಎನ್‌ಸಿಸಿಯ ಭೂದಳ ವಿಭಾಗದ ಘಟಕಕ್ಕೆ ಶಾಲೆಯ ಮೈದಾನ ಸಾಕು. ಹೀಗಾಗಿ ಏರ್ ವಿಂಗ್ ದೊಡ್ಡ ಊರುಗಳಲ್ಲಿ ಬೇರುಬಿಟ್ಟಿತು, ಜಿಲ್ಲೆಗಳಿಗೆ ಭೂದಳ ಹಬ್ಬಿತು. ಮೈಸೂರು ರಾಜ್ಯದಲ್ಲಿ ಏರ್ ವಿಂಗ್‌ಗೆ ಒದಗಿಬಂದದ್ದು ಬೆಂಗಳೂರಿನ ಜಕ್ಕೂರು. ಜಯಚಾಮರಾಜ ಒಡೆಯರ್ ಕೊಟ್ಟ ಜಮೀನಿನಲ್ಲಿ 1948ರ ಹೊತ್ತಿಗೆ ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಗಿತ್ತು. ಬೀದರಿನಿಂದ ಜಕ್ಕೂರಿಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಅಲ್ಲಿಯವರೆಗೆ ಹೈದರಾಬಾದಿನ ಕಡೆ ಮುಖ ಮಾಡಿದ್ದ ಶಾಲೆಗಳು ಬೆಂಗಳೂರಿನ ಕಡೆ ತಿರುಗಬೇಕಾಯಿತು. ಇಂದಿನ ಲೆಕ್ಕದಲ್ಲಿ ಈ ಮೂಲೆ ಎನ್‌ಸಿಸಿಯ ಮೂರು ನಿರ್ದೇಶನಾಲಯಗಳು ಕೂಡುವ ಜಾಗ. ಘಾಟಬೋರಾಳ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯಕ್ಕೆ ಸೇರಿದರೆ, ಪಶ್ಚಿಮದ ಉಮರ್ಗಾ ಮಹಾರಾಷ್ಟ್ರಕ್ಕೆ, ಪೂರ್ವದ ಜಹೀರಾಬಾದ್ ಆಂಧ್ರಪ್ರದೇಶ ಮತ್ತು ತೆಲಂಗಾಣಕ್ಕೆ. ಒಂದು ಕಾಲಕ್ಕೆ ಒಂದೇ ಸಂಸ್ಥಾನದಲ್ಲಿದ್ದ ನೆರೆಯ ಊರುಗಳ ಮಕ್ಕಳು ಈಗ ಬೇರೆ ಬೇರೆ ನಿರ್ದೇಶನಾಲಯಗಳ ಕೆಡೆಟ್‌ಗಳು.

1962ರ ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಮರುವರ್ಷ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಬಂದ ಮೇಲೆ ವಿದ್ಯಾರ್ಥಿಗಳಿಗೆ ಇನ್ನೊಂದು ಆಯ್ಕೆಯೂ ಸಿಕ್ಕಿತು.

ಬೀದರಿನ ನೆಲೆಯ ಕಥೆಯಲ್ಲಿ ತಿರುವು ತಂದದ್ದು ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ. ಅಲ್ಲಿ ಎಚ್‌ಎಎಲ್ ತಯಾರಿಸಿದ ಎಚ್‌ಪಿಟಿ-32 ದೀಪಕ್ ವಿಮಾನಗಳಲ್ಲಿ ಹೊಸಬರು ಮೊದಲ ಪಾಠ ಕಲಿತರು. 1996ರ ಮೇ 27ರಂದು ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ್ ಇಲ್ಲೇ ಹುಟ್ಟಿತು. ಕಿರಣ್ ವಿಮಾನಗಳ ಆ ತಂಡ 2011ರಲ್ಲಿ ನಿಂತು, 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಮೇಲೆದ್ದಿತು. ನಡುವೆ 2008ರ ಫೆಬ್ರುವರಿ 23ರಂದು ರಕ್ಷಣಾ ಸಚಿವ ಎ.ಕೆ. ಆಂಟನಿ ಬೀದರಿನಲ್ಲಿ ಹಾಕ್ ಜೆಟ್ ತರಬೇತಿ ವಿಮಾನವನ್ನು ಸೇವೆಗೆ ಸೇರಿಸಿದರು. ಈ ದಿನಾಂಕಕ್ಕೆ ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚಿನ ತೂಕ ಸಲ್ಲಬೇಕು. ಅಲ್ಲಿಯವರೆಗೆ ಪೈಲಟ್ ಆಗಬೇಕೆಂದವರು ಮೊದಲ ಹೆಜ್ಜೆಗೆ ಬರುತ್ತಿದ್ದ ಊರು ಬೀದರ್, ಅಲ್ಲಿಂದಾಚೆ ಯುದ್ಧವಿಮಾನ ಚಾಲಕರು ಕೊನೆಯ ಹಂತದ ತರಬೇತಿಗೆ ಬರುವ ಊರು. 2016ರ ಜೂನ್ 18ರಂದು ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಅಧಿಕಾರ ಪಡೆದ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಕಲಿತದ್ದು ಇಲ್ಲೇ. ಆದರೆ ಸೂರ್ಯಕಿರಣ್ ಅಥವಾ ಹಾಕ್ ನೋಡಿ ಆಸೆಪಟ್ಟ ಊರ ಮಗುವಿಗೆ ಆ ನೆಲೆಯ ಗೇಟು ಕೆಡೆಟ್ ಭರ್ತಿಯ ಜಾಗವಲ್ಲ. ಆ ಮಗುವಿನ ದಾರಿ ಶಾಲೆಯಿಂದ ಹೊರಡುತ್ತದೆ.

ಸೇರುವ ಕ್ರಮದಲ್ಲಿ ಭಾರತದ ಪದ್ಧತಿ ಬ್ರಿಟನ್ನಿನದಕ್ಕಿಂತ ಬೇರೆ. 1941ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಏರ್ ಟ್ರೈನಿಂಗ್ ಕೋರ್ ಊರೂರಿನ ಸ್ಕ್ವಾಡ್ರನ್‌ಗಳಾಗಿ ಬೆಳೆಯಿತು. ಯಾವ ಶಾಲೆಯ ಮಗುವಾದರೂ ಸಂಜೆ ತನ್ನ ಊರಿನ ಸ್ಕ್ವಾಡ್ರನ್‌ಗೆ ಹೋಗಬಹುದು. ಎನ್‌ಸಿಸಿ ಹಾಗಲ್ಲ, ಅದು ವಿದ್ಯಾಸಂಸ್ಥೆಯ ಮೂಲಕವೇ ನಡೆಯುತ್ತದೆ. ಓದುವ ಶಾಲೆ ಅಥವಾ ಕಾಲೇಜಿಗೆ ಎನ್‌ಸಿಸಿ ಮಂಜೂರಾಗಿರಬೇಕು, ಆ ಸಂಸ್ಥೆ ಯಾವ ಘಟಕದ ಅಡಿಯಲ್ಲಿದೆಯೋ ಆ ದಳವೇ ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ಈ ಭಾಗದಲ್ಲಿ ಬಹುಕಾಲದಿಂದ ಪರಿಚಿತವಾದ ಕಲಬುರಗಿಯ 32ನೇ ಕರ್ನಾಟಕ ಬೆಟಾಲಿಯನ್ ಭೂದಳದ್ದು. ಏರ್ ಸ್ಕ್ವಾಡ್ರನ್ ಎಂದರೆ ಬೆಂಗಳೂರು, ಮಂಗಳೂರಿನಂಥ ಊರುಗಳ ನೆನಪಾಗುತ್ತದೆ. ಪಿಯುಸಿಗೆ ಕಾಲೇಜು ಆರಿಸುವಾಗಲೇ ಯಾವ ವಿಂಗ್ ಇದೆ ಎಂದು ವಿಚಾರಿಸುವುದು ಹೀಗಾಗಿ ಅಗತ್ಯ.

ಹನ್ನೆರಡು ತುಂಬಿದವರು ಹೈಸ್ಕೂಲಿನಲ್ಲಿ ಜೂನಿಯರ್ ಆಗಿ, ಪಿಯುಸಿ ಮತ್ತು ಪದವಿಯಲ್ಲಿ ಸೀನಿಯರ್ ಆಗಿ ಸೇರುತ್ತಾರೆ. ಸೀನಿಯರ್‌ಗೆ ವಯಸ್ಸು 26 ದಾಟಿರಬಾರದು. ಅರ್ಜಿ, ಪೋಷಕರ ಒಪ್ಪಿಗೆ, ಆರೋಗ್ಯ ತಪಾಸಣೆ, ಓಟ, ಸಂದರ್ಶನ ಇಷ್ಟು ದಾಟಬೇಕು. ಇವೆಲ್ಲಕ್ಕೂ ಮೊದಲು ಶಾಲೆಯಲ್ಲಿ ಒಬ್ಬ ಎಎನ್‌ಒ, ಅಂದರೆ ಸಹಾಯಕ ಎನ್‌ಸಿಸಿ ಅಧಿಕಾರಿ, ಇರಬೇಕು. ಅವರು ಪಾಠ ಹೇಳುವ ಮೇಷ್ಟ್ರೇ. ಪುರುಷರು ನಾಗಪುರದ ಬಳಿಯ ಕಾಂಪ್ಟಿಯಲ್ಲಿ, ಮಹಿಳೆಯರು ಗ್ವಾಲಿಯರ್‌ನಲ್ಲಿ ತರಬೇತಿ ಮುಗಿಸಿ ಬರುತ್ತಾರೆ. ಗಡಿ ತಾಲ್ಲೂಕಿನ ಶಾಲೆಯಲ್ಲಿ ಅಂಥ ಮೇಷ್ಟ್ರು ವರ್ಗವಾಗಿ ಹೋದರೆ ಪರೇಡು ಸೊರಗುತ್ತದೆ. ಸರ್ಕಾರದ ಆದೇಶಗಳಿಗೆ ಕೊಡುವಷ್ಟೇ ಜಾಗವನ್ನು ಈ ಮೇಷ್ಟ್ರುಗಳಿಗೂ ಇತಿಹಾಸದಲ್ಲಿ ಕೊಡಬೇಕು. ಮಂಜೂರಾತಿಗೆ ಕಾಯುತ್ತಿರುವ ಸಂಸ್ಥೆಗಳಿಗೆ ಸ್ವಂತ ಖರ್ಚಿನಲ್ಲಿ ಎನ್‌ಸಿಸಿ ನಡೆಸುವ ಯೋಜನೆಯೂ ಇದೆ. ಖಾಸಗಿ ಶಾಲೆಗಳಿಗೆ ಅದು ಎಟುಕುತ್ತದೆ, ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಭಾರ.

ಏರ್ ವಿಂಗ್‌ನಲ್ಲಿ ಕವಾಯತು, ನಕ್ಷೆ, ರೈಫಲ್ ಅಭ್ಯಾಸಗಳ ಜೊತೆಗೆ ಹಾರಾಟದ ತತ್ವ, ಹವಾಮಾನ, ಎಂಜಿನ್, ದಿಕ್ಕು ಹಿಡಿಯುವುದು, ಮಾದರಿ ವಿಮಾನ ತಯಾರಿಕೆ ಪಾಠಗಳಿರುತ್ತವೆ. ಹಿಂದೆ ಗ್ಲೈಡರ್‌ಗಳೂ ಎಚ್‌ಎಎಲ್‌ನ ಪುಷ್ಪಕ್‌ನಂಥ ಹಗುರ ವಿಮಾನಗಳೂ ಇದ್ದವು. ಆಮೇಲೆ ಝೆನ್ ಏರ್ ಮೈಕ್ರೋಲೈಟ್‌ಗಳು ಬಂದವು. 2015ರಲ್ಲಿ ರಕ್ಷಣಾ ಸಚಿವಾಲಯ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯಿಂದ 194 ವೈರಸ್ ಮೈಕ್ರೋಲೈಟ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅವುಗಳಲ್ಲಿ 110 ಎನ್‌ಸಿಸಿಗೆ, 72 ವಾಯುಪಡೆಗೆ, 12 ನೌಕಾಪಡೆಗೆ. ಇಬ್ಬರು ಕೂರುವ ಈ ಪುಟ್ಟ ವಿಮಾನದಲ್ಲಿ ಕೆಡೆಟ್ ಬೋಧಕರ ಪಕ್ಕ ಕುಳಿತು ಹಾರಾಟದ ಅನುಭವ ಪಡೆಯುತ್ತಾರೆ. ದೇಶದ ಕೆಡೆಟ್‌ಗಳು ಸೇರುವ ಅಖಿಲ ಭಾರತ ವಾಯು ಸೈನಿಕ ಶಿಬಿರ ಹಲವು ವರ್ಷ ನಡೆದದ್ದು ಜಕ್ಕೂರಿನಲ್ಲಿ.

ಜೂನಿಯರ್‌ಗಳಿಗೆ ಎ, ಸೀನಿಯರ್‌ಗಳಿಗೆ ಬಿ ಮತ್ತು ಸಿ ಪ್ರಮಾಣಪತ್ರ. ಪರೇಡಿನ ಹಾಜರಿ, ಶಿಬಿರ, ಪರೀಕ್ಷೆ ಮೂರೂ ಆದರೆ ಮಾತ್ರ ಇವು ಕೈಸೇರುತ್ತವೆ. ಏರ್ ವಿಂಗ್ ಸೀನಿಯರ್ ವಿಭಾಗದ ಸಿ ಪ್ರಮಾಣಪತ್ರ ಪಡೆದ ಪದವೀಧರರು ವಾಯುಪಡೆಯ ಹಾರಾಟ ಶಾಖೆಗೆ ಎನ್‌ಸಿಸಿ ವಿಶೇಷ ಪ್ರವೇಶದಡಿ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇಲ್ಲ, ನೇರ ಆಯ್ಕೆ ಮಂಡಳಿಯ ಸಂದರ್ಶನ. ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಲೇಬೇಕು. ಹತ್ತನೆಯ ತರಗತಿ ಮುಗಿಸಿ ಕಲಾ ವಿಭಾಗ ಹಿಡಿದವರಿಗೆ ಈ ಬಾಗಿಲು ಅಲ್ಲೇ ಮುಚ್ಚುತ್ತದೆ, ಅದನ್ನು ಮೊದಲೇ ಹೇಳುವವರು ಮನೆಯಲ್ಲಿ ಇರುವುದಿಲ್ಲ. ಕರ್ನಾಟಕದಲ್ಲಿ ವಾಯುಪಡೆಯ ಆಯ್ಕೆ ಮಂಡಳಿ ಇರುವುದು ಮೈಸೂರಿನಲ್ಲಿ, ಅಂದರೆ ರಾಜ್ಯದ ಇನ್ನೊಂದು ತುದಿಯಲ್ಲಿ.

2020ರ ಆಗಸ್ಟ್ 15ರಂದು ಪ್ರಧಾನಿ ಗಡಿ ಮತ್ತು ಕರಾವಳಿಯ 173 ಜಿಲ್ಲೆಗಳಲ್ಲಿ ಒಂದು ಲಕ್ಷ ಹೊಸ ಕೆಡೆಟ್‌ಗಳನ್ನು ಸೇರಿಸುವ ಯೋಜನೆ ಪ್ರಕಟಿಸಿದರು. ಅಲ್ಲಿ ಗಡಿ ಎಂದರೆ ದೇಶದ ಗಡಿ, ರಾಜ್ಯದ ಗಡಿಯಲ್ಲಿರುವ ಬೀದರಿಗೆ ಅದು ಅನ್ವಯಿಸದು. 2024ರಲ್ಲಿ ದೇಶದಾದ್ಯಂತ ಇನ್ನೂ ಮೂರು ಲಕ್ಷ ಸ್ಥಾನಗಳ ವಿಸ್ತರಣೆಗೆ ಒಪ್ಪಿಗೆ ದೊರೆತು, ಎನ್‌ಸಿಸಿಯ ಒಟ್ಟು ಬಲ 20 ಲಕ್ಷದತ್ತ ಹೊರಟಿದೆ. ಈ ಸ್ಥಾನಗಳಲ್ಲಿ ಏರ್ ವಿಂಗ್‌ನವು ಹುಮನಾಬಾದ್ ಮತ್ತು ಬಸವಕಲ್ಯಾಣದ ಕಾಲೇಜುಗಳಿಗೆ ಹಂಚಿಕೆಯಾದರೆ, ಘಾಟಬೋರಾಳದ ವಿದ್ಯಾರ್ಥಿ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲೇ ವಾಯು ಕೆಡೆಟ್ ಆಗಬಲ್ಲ.