ಲೇಬಲ್ಲು ಸುಳ್ಳು ಹೇಳಬಹುದು, ಪ್ಲೇಟು ಹೇಳೋಲ್ಲ!

ಗ್ರಾಮಫೋನ್ ರೆಕಾರ್ಡಿಗೆ ಹಳಬರು ‘ಪ್ಲೇಟು’ ಅನ್ನುತ್ತಿದ್ದರು. ಹಳೇ ಪ್ಲೇಟು ಕೂಡಿಹಾಕುವವರಿಗೆ ಎರಡು ಹುಚ್ಚು. ಒಂದು ಅಪರೂಪದ್ದು ಬೇಕು, ಇನ್ನೊಂದು ತಪ್ಪಾಗಿ ಅಚ್ಚಾದದ್ದು ಬೇಕು. ಈ ಎರಡನೇ ಹುಚ್ಚಿನ ಬಗ್ಗೆ ಸ್ವಲ್ಪ ಹರಟೋಣ ಅಂತ...

ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ ಬಾಬ್ ಡಿಲನ್‌ನ 1963ರ ‘ದ ಫ್ರೀವೀಲಿನ್ ಬಾಬ್ ಡಿಲನ್’. ಕಂಪನಿಯವರು ಕೊನೇ ಗಳಿಗೆಯಲ್ಲಿ 4 ಹಾಡು ತೆಗೆದು ಬೇರೆ 4 ಸೇರಿಸಿದರು. ಆದರೆ ಕೆಲವು ಪ್ರತಿಗಳು ಹಳೇ ಅಚ್ಚಿನಿಂದಲೇ ಬಂದುಬಿಟ್ಟವು. ಲೇಬಲ್ಲಿನ ಮೇಲೆ ಹೊಸ ಹಾಡಿನ ಹೆಸರು, ಮುಳ್ಳು ಇಟ್ಟರೆ ಹಳೇ ಹಾಡು! ಸಂಗ್ರಹಕಾರರಿಗೆ ಅದೊಂದು ನಿಧಿ. ಗುರುತಿಸೋದು ಹೇಗೆ? ಹಾಡಿನ ಗೆರೆ ಮುಗಿದ ಮೇಲೆ ಲೇಬಲ್ಲಿನ ಸುತ್ತ ಖಾಲಿ ಜಾಗ ಇರುತ್ತದಲ್ಲ, ಅಲ್ಲಿರುವ ಮ್ಯಾಟ್ರಿಕ್ಸ್ ನಂಬರಿನಿಂದ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಲೇಬಲ್ಲು ಬರೀ ಫೈಲಿನ ಹೆಸರು, ಮ್ಯಾಟ್ರಿಕ್ಸ್ ನಂಬರು ಬಿಲ್ಡ್ ನಂಬರು.

ಈಗ ನಮ್ಮೂರಿಗೆ ಬರೋಣ. ಪಿ. ಕಾಳಿಂಗರಾಯರು (1914-1981) ಹುಟ್ಟಿದ್ದು ಬ್ರಹ್ಮಾವರದ ಹತ್ತಿರದ ಆರೂರಿನಲ್ಲಿ. ‘ಪಿ’ ಅಂದರೆ ಪಾಂಡೇಶ್ವರ. ಅಪ್ಪ ಯಕ್ಷಗಾನದವರು. ರಾತ್ರಿ ಶುರುವಾದರೆ ಬೆಳಗಿನ ತನಕ ನಡೆಯುವ ಆಟ 78 ಆರ್‌ಪಿಎಂ ಪ್ಲೇಟಿನಲ್ಲಿ ಹಿಡಿಸೋದು ಸಾಧ್ಯವೇ ಇರಲಿಲ್ಲ. 10 ಇಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು 3 ನಿಮಿಷ, ಅಷ್ಟೇ! ಆದರೆ ಭಾವಗೀತೆಗೆ ಅದು ಹೇಳಿ ಮಾಡಿಸಿದ ಅಳತೆ. ಬೇಂದ್ರೆ, ಕುವೆಂಪು, ರಾಜರತ್ನಂ ಕವಿತೆಗಳು ರಾಯರ ದನಿಯಲ್ಲಿ ಮನೆಮನೆ ಸೇರಿದವು. ಜೊತೆಗೆ ಸೋಹನ್ ಕುಮಾರಿ, ಮೋಹನ್ ಕುಮಾರಿ ಅವರ ದನಿ. ಅಂದಹಾಗೆ ಹಳೇ 78ಗಳು ವಿನೈಲ್ ಅಲ್ಲ, ಅರಗಿನಿಂದ ಮಾಡಿದ ಶೆಲ್ಯಾಕ್. ಕೈ ಜಾರಿದರೆ ಹಂಚಿನ ಹಾಗೆ ಚೂರು ಚೂರು.

ಹೆಸರಿನ ತೊಂದರೆ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಾವಿನ ‘ಕಾಳಿಂಗ’ನಿಗೂ ಅಶೋಕ ಗೆದ್ದ ‘ಕಳಿಂಗ’ಕ್ಕೂ ವ್ಯತ್ಯಾಸವೇ ಇಲ್ಲ! ಇನ್ನೂ ದೊಡ್ಡ ಉದಾಹರಣೆ ಗಂಗೂಬಾಯಿ ಹಾನಗಲ್ (1913-2009). 1930ರ ದಶಕದಲ್ಲಿ ಎಚ್‌ಎಂವಿಯಿಂದ ಬಂದ ಅವರ ಮೊದಮೊದಲ ಪ್ಲೇಟುಗಳ ಮೇಲಿರುವುದು ‘ಗಾಂಧಾರಿ’ ಎಂಬ ಹೆಸರು. ಇದು ಅಚ್ಚಿನ ತಪ್ಪಲ್ಲ, ಅವರ ಹುಟ್ಟು ಹೆಸರೇ ಅದು. ಆದರೆ ಗೊತ್ತಿಲ್ಲದವರು ಬೇರೆ ಯಾರೋ ಹಾಡುಗಾರ್ತಿ ಅಂತ ಬದಿಗಿಟ್ಟರೆ? ಮಹಾನ್ ಗಾಯಕಿಯ ಎಳೆಯ ದನಿ ಗುಜರಿಗೆ!

ನನಗನಿಸುವುದು ಇಷ್ಟೇ. ಡಿಲನ್ ಪ್ಲೇಟಿನ ತಪ್ಪು ಹಿಡಿಯಲು ಅಲ್ಲಿ ಪಟ್ಟಿ, ಪುಸ್ತಕ, ನೂರಾರು ಜೋಡಿ ಕಣ್ಣುಗಳಿವೆ. ಅದಕ್ಕೇ ಅಲ್ಲಿ ತಪ್ಪಿಗೆ ಬೆಲೆ ಬರುತ್ತದೆ. ನಮ್ಮಲ್ಲಿ ಯಾರೋ ಲೇಬಲ್ಲು ನೋಡಿ ಎಂಪಿ3ಗೆ ಹೆಸರು ಕೊಡುತ್ತಾರೆ, ಅದನ್ನೇ ಹತ್ತು ಜನ ನಕಲು ಮಾಡುತ್ತಾರೆ, ಕೊನೆಗೆ ತಪ್ಪೇ ಚರಿತ್ರೆಯಾಗುತ್ತದೆ. ಕವಿಯ ಹೆಸರು ಮಾಯ, ಜೊತೆಗೆ ಹಾಡಿದವರ ಹೆಸರು ಮಾಯ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳೇ ಮನೆಗಳ ಅಟ್ಟ ಖಾಲಿ ಮಾಡುವವರಿದ್ದರೆ ಒಂದು ಕೋರಿಕೆ. ಪ್ಲೇಟು ಸಿಕ್ಕರೆ ಮಾರುವ ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ, ಆ ಪುಟ್ಟ ನಂಬರನ್ನು ಬರೆದಿಡಿ. ಆಮೇಲೆ ಪ್ಲೇಟು ಯಾರ ಕೈ ಸೇರಿದರೂ ಹಾಡಿದವರ ಗುರುತು ನಮ್ಮಲ್ಲೇ ಉಳಿಯುತ್ತೆ, ಏನಂತೀರಿ?